ಡೆಲ್ಮರನ ಕೋವಿ ಮತ್ತು ಹಾಡುಪೆಟ್ಟಿಗೆಯವರ ಮುದ್ರೆ

ದೇವರು ಮನುಷ್ಯನನ್ನು ಮಣ್ಣಿನಿಂದ ರೂಪಿಸಿದಾಗ ಅವನ ಮೈಮೇಲೆ ಎಲ್ಲಿಯೂ ತಯಾರಕನ ಮುದ್ರೆಯನ್ನು ಒತ್ತಲಿಲ್ಲ. ಇಂಡಿಯಾನಾದ ಡೆಲ್ಮರ್ ಹಫ್‌ಮನ್‌ನಿಗೆ ಮನುಷ್ಯರ ಬೆಲೆ ತಿಳಿಯದೆ ಹೋದದ್ದು ಬಹುಶಃ ಅದರಿಂದಲೇ. ಮಿಕ್ಕ ಯಾವ ವಸ್ತುವನ್ನೂ ಅವನು ಬೋರಲು ಹಾಕಿ ನೋಡದೆ ಬಿಟ್ಟವನಲ್ಲ. ನಮ್ಮ ಚರ್ಚಿನ ಸಭೆಯ ಹಿರಿಯನಾಗಿದ್ದೂ ಪ್ರಭುಭೋಜನದ ಬಟ್ಟಲಿನ ತಳವನ್ನು ಓದಲು ಹೋಗಿ ದ್ರಾಕ್ಷಾರಸವನ್ನು ಅಂಗಿಯ ಮೇಲೆ ಸುರಿದುಕೊಂಡ ಪುಣ್ಯಾತ್ಮ ಅವನು.

ಈ ಹುಚ್ಚು ಹಿಡಿಸಿದ್ದು ಅಪ್ಪನ ಕೋವಿ. ಎರಡನೇ ಮಹಾಯುದ್ಧದ ಕಾಲದ ಗಿಡ್ಡ ಕಾರ್ಬೈನ್ ಅದು. ಸೈನ್ಯ ತನಗೆ ಹೆಚ್ಚಾದದ್ದನ್ನು ಮಾರಿದಾಗ ಅಪ್ಪ ತರಿಸಿಕೊಂಡಿದ್ದ. ಆ ಯುದ್ಧದಲ್ಲಿ ಬಂದೂಕಿನ ಕಾರ್ಖಾನೆಗಳು ಸಾಲದೆ, ಟೈಪ್‌ರೈಟರಿನವರು, ಕಾಸು ಹಾಕಿದರೆ ಹಾಡುವ ಪೆಟ್ಟಿಗೆಯವರು ಕೂಡ ಕೋವಿ ಮಾಡಿದ್ದರು. ಹಾಡುಪೆಟ್ಟಿಗೆಯವರು ಮಾಡಿದ್ದು ಕಡಿಮೆ. ಆದುದರಿಂದಲೇ ಅವರ ಹೆಸರು ಕಂಡರೆ ಸಂಗ್ರಹಕಾರರು ಬಾಯಿ ಬಾಯಿ ಬಿಡುತ್ತಾರೆ. ಅಪ್ಪನ ಕೋವಿಯ ಉಕ್ಕಿನ ಮೈಮೇಲೆ ಆ ಹೆಸರಿತ್ತು.

ಅಪ್ಪ ತೀರಿಕೊಂಡಾಗ ಅಕ್ಕ ಆರ್ಡಿತ್ ಕೋವಿಯಲ್ಲಿನ ತನ್ನ ಪಾಲನ್ನು ತಮ್ಮನಿಗೇ ಬಿಟ್ಟುಕೊಟ್ಟಳು.

“ಆದ್ರೆ ಅಪ್ಪ ಇಟ್ಕೊಂಡಿದ್ದ ಹಾಗೇ ಇರ್ಬೇಕು ಕಣೋ. ಒಂದು ಮೊಳೆ ಬದಲಾಯ್ಸಿದ್ರೂ ನಾನು ನಿನ್ನ ಅಕ್ಕ ಅಲ್ಲ.”

ಡೆಲ್ಮರ್ ಬೈಬಲಿನ ಮೇಲೆ ಕೈಯಿಟ್ಟು ಒಪ್ಪಿದ. ಆಮೇಲೆ ಆ ಬೈಬಲು ಎಲ್ಲಿ ಅಚ್ಚಾಯಿತೆಂದು ತಿರುವಿ ನೋಡಿದ.

ಸಂತೆಯಿಂದ ಸಂತೆಗೆ ಹಳೆಯ ಬಂದೂಕು ಮಾರುತ್ತಿದ್ದ ಓರ್ವಿಲ್ ಕೋವಿಯನ್ನು ಬಿಚ್ಚಿ ನೋಡಿ ನಕ್ಕ. “ಮೈ ಒಬ್ರದು, ಕೈಕಾಲು ಊರೋರದು! ಅಜ್ಜಿ ಹೊಲಿದ ಕೌದಿ ಕಣಯ್ಯ ಇದು. ಎಲ್ಲಾ ಭಾಗಕ್ಕೂ ಒಂದೇ ಮುದ್ರೆ ಬಂತೋ, ಬೆಲೆ ಮೂರು ಪಟ್ಟು!”

ಅಂದಿನಿಂದ ಡೆಲ್ಮರ್ ಹಾಡುಪೆಟ್ಟಿಗೆಯವರ ಮುದ್ರೆಯಿರುವ ಬೋಲ್ಟು, ಸ್ಪ್ರಿಂಗು, ಕೊನೆಗೆ ಮರದ ಹಿಡಿ, ಹೀಗೆ ಒಂದೊಂದನ್ನೇ ಹುಡುಕಿ ತಂದು ಹಾಕಿದ. ತೆಗೆದದ್ದನ್ನೆಲ್ಲ ಓರ್ವಿಲ್‌ನಿಗೆ ಕೊಟ್ಟ. “ಮಾರಲಿಲ್ಲ, ಬದಲಿಗೆ ಕೊಟ್ಟೆ” ಎಂದು ಆತ್ಮಸಾಕ್ಷಿಗೆ ಸಮಜಾಯಿಷಿ ಹೇಳಿದ. ಅವನ ಆತ್ಮಸಾಕ್ಷಿ ಬಹಳ ಸೌಜನ್ಯದ್ದು, ಮರುಪ್ರಶ್ನೆ ಕೇಳಲಿಲ್ಲ.

ಜಿಲ್ಲೆಯ ಬಂದೂಕು ಪ್ರದರ್ಶನದಲ್ಲಿ ತಾನು ಮೊದಲ ಬಹುಮಾನದ ನೀಲಿ ಪಟ್ಟಿ ಗೆಲ್ಲುವುದನ್ನು ನೋಡಲೆಂದು ಅಕ್ಕನನ್ನೂ ಕರೆದ. ತೀರ್ಪುಗಾರ ಗ್ರೇಸನ್ ಕೋವಿಯನ್ನು ಬಿಚ್ಚಿ, ಜೋಡಿಸಿ, ಕನ್ನಡಕ ತೆಗೆದ.

“ಹಫ್‌ಮನ್ ಅವ್ರೇ, ತುಂಬಾ ಚೊಕ್ಕವಾಗಿದೆ.”

ಡೆಲ್ಮರ್ ಉಬ್ಬಿಹೋದ.

“ತೊಂದ್ರೆ ಇರೋದೇ ಅಲ್ಲಿ. ಯುದ್ಧದಲ್ಲಿ ಆ ಕಾರ್ಖಾನೆಗಳು ಪಕ್ಕದ್ಮನೆಯಿಂದ ಸಕ್ಕರೆ ತಂದ ಹಾಗೆ ಒಬ್ರಿಂದೊಬ್ರು ಭಾಗ ತಗೊಳ್ತಿದ್ರು. ಎಲ್ಲಕ್ಕೂ ಒಂದೇ ಮುದ್ರೆ ಇದ್ರೆ ಅದು ಕಾರ್ಖಾನೇಲಿ ಹುಟ್ಟಿದ್ದಲ್ಲ, ನಿಮ್ಮ ಅಡುಗೆಮನೆ ಮೇಜಿನ ಮೇಲೆ ಹುಟ್ಟಿದ್ದು. ನೀವು ತೆಗೆದು ಹಾಕಿದ್ರಲ್ಲ, ಅದೇ ಅಸಲಿ ಇದ್ದಿರ್ಬೇಕು.”

“ತೆಗೆದು ಹಾಕಿದ್ದಾ?” ಆರ್ಡಿತ್ ಮುಂದೆ ಬಂದಳು. “ಏನು ತೆಗೆದ್ಯೋ?”

“ಹೊಂದದೇ ಇದ್ದಿದ್ದನ್ನ ಅಷ್ಟೇ, ಅಕ್ಕಾ.”

ಅವಳು ಕೋವಿಯನ್ನೆತ್ತಿ ಹಿಡಿಯ ಮೇಲೆ ಬೆರಳಾಡಿಸಿದಳು. ಮರ ಕೊಯ್ಯುವ ಮಿಲ್ಲಿನಲ್ಲಿ ಹೆಬ್ಬೆರಳು ತುಂಡಾದ ಮೇಲೆ ಅಪ್ಪ ಹಿಡಿತ ಸಿಗಲೆಂದು ಅಲ್ಲಿ ಚಾಕುವಿನಿಂದ ಒಂದು ತಗ್ಗು ಕೊರೆದುಕೊಂಡಿದ್ದ. ಈಗ ಆ ಜಾಗ ನುಣ್ಣಗಿತ್ತು.

“ಅಪ್ಪನ ಕೈ ಎಲ್ಲೋ?”

“ಅದು ಬೇರೆ ಕಂಪನಿ ಮರ ಅಕ್ಕಾ. ಮೇಲಾಗಿ ಕೊರೆದು ಹಾಳಾಗಿತ್ತು.”

ಆರ್ಡಿತ್ ತಮ್ಮನ ಕಣ್ಣು ಜಾರಿದ ಕಡೆಗೆ, ಅಲ್ಲೇ ಹಳೆಯ ಭಾಗಗಳನ್ನು ಮಾರಲು ಕೂತಿದ್ದ ಓರ್ವಿಲ್‌ನ ಮೇಜಿಗೆ ನಡೆದಳು. ರಾಶಿಯೊಳಗೆ ಕೈಹಾಕಿ, ತಗ್ಗಿನ ಗುರುತಿನಿಂದಲೇ ಆ ಹಿಡಿಯನ್ನು ಎಳೆದಳು.

“ಒಳ್ಳೇದನ್ನೇ ಹಿಡಿದ್ರಿ ತಾಯಿ!” ಎಂದ ಓರ್ವಿಲ್. “ಯುದ್ಧಭೂಮೀಲಿ ಗಾಯ ಆದ ಸೈನಿಕ ಕೊರ್ಕೊಂಡಿದ್ದು. ಇನ್ನೂರು ಡಾಲರ್.”

ಅವಳು ಕೈಚೀಲ ಬಿಚ್ಚಿದಳು. ಹಿಂದೆಯೇ ಓಡಿಬಂದ ಡೆಲ್ಮರ್ ಕೂಗಿದ: “ಅಷ್ಟು ಕೊಡ್ಬೇಡ ಅಕ್ಕಾ! ಅದರ ಮುದ್ರೆ ಮಾಮೂಲಿದು!”

ಆರ್ಡಿತ್ ಪೂರ್ತಿ ಹಣ ಕೊಟ್ಟು, ಮರವನ್ನು ಕೂಸಿನಂತೆ ಎದೆಗವುಚಿಕೊಂಡು ಹೊರಟುಹೋದಳು. ಈಗ ಆರಾಧನೆಗೆ ಬಂದರೆ ಅವಳು ಎದುರು ಬದಿಯ ಬೆಂಚಿನಲ್ಲಿ ಕೂರುತ್ತಾಳೆ. ತಮ್ಮನತ್ತ ತಿರುಗಿಯೂ ನೋಡುವುದಿಲ್ಲ. ಅವಳ ಮನಸ್ಸು ಕರಗಲೆಂದು ಪ್ರಾರ್ಥಿಸಿರೆಂದು ಡೆಲ್ಮರ್ ನಮ್ಮನ್ನೆಲ್ಲ ಕಣ್ಣೀರಿಟ್ಟು ಬೇಡುತ್ತಾನೆ. ಕಣ್ಣೊರೆಸಿಕೊಂಡ ಮೇಲೆ, ಆ ಮರಕ್ಕೆ ನಲವತ್ತು ಡಾಲರಿಗಿಂತ ಹೆಚ್ಚು ಬೆಲೆಯಿಲ್ಲವೆಂದೂ ಸೇರಿಸುತ್ತಾನೆ.