ಮುಳುಗುವುದಕ್ಕೆ ಹೊರಟಿದ್ದು

ನಮ್ಮ ಮನೆಯಲ್ಲಿ ಸೂರ್ಯ ಮುಳುಗುತ್ತಿರಲಿಲ್ಲ, ಕಂತುತ್ತಿದ್ದ. ಬಿಸ್ಕತ್ತನ್ನು ಕಾಫಿಗೆ ಅದ್ದಬಹುದಿತ್ತು, ಬಟ್ಟೆಯನ್ನು ನೆನೆಹಾಕಬಹುದಿತ್ತು, ಹೊಳೆಯಲ್ಲಿ ಮೀಯಬಹುದಿತ್ತು. ಆದರೆ ಮುಳುಗು ಎಂಬ ಮಾತನ್ನು ಮಾತ್ರ ಯಾರೂ ಆಡುವಂತಿರಲಿಲ್ಲ. ಯಾರಾದರೂ ಬಾಯಿತಪ್ಪಿ ಆಡಿದರೆ ಅಮ್ಮ ಉಣ್ಣುತ್ತಿದ್ದ ತಟ್ಟೆ ಬಿಟ್ಟು ಎದ್ದುಹೋಗುತ್ತಿದ್ದಳು.

ಅಮ್ಮನ ತವರೂರು ನರಸಿಂಹರಾಜಪುರದ ಆಚೆ ಇತ್ತು. ಭದ್ರಾ ಅಣೆಕಟ್ಟು ಕಟ್ಟಿದಾಗ ಮನೆ, ಗದ್ದೆ, ಊರು ಎಲ್ಲವೂ ಹಿನ್ನೀರಿಗೆ ಹೋದವು. ಅವಳಿಗೆ ಆಗಿನ್ನೂ ಮದುವೆಯಾಗಿರಲಿಲ್ಲ. ಆದರೆ ಊರು ಹೋದದ್ದಕ್ಕಿಂತ ಅವಳನ್ನು ಹೆಚ್ಚು ಸುಟ್ಟಿದ್ದು ಆಮೇಲೆ ಅಂಟಿಕೊಂಡ ಹೆಸರು. ಮದುವೆಯಾಗಿ ಜಯಪುರಕ್ಕೆ ಬಂದರೆ ಗಂಡನ ಮನೆಯಲ್ಲಿ ಅವಳು 'ಮುಳುಗಡೆಯವಳು'. ಹಾಲು ಒಡೆದರೆ, ಹಸು ಕಂದು ಹಾಕಿದರೆ, ಲೋಟದ ಕಾಫಿ ಚೆಲ್ಲಿದರೆ, "ಮುಳುಗಡೆಯೋಳು ಕಾಲಿಟ್ಟ ಮನೇಲಿ ಇನ್ನೆಂತ ತೇಲ್ತದೆ?" ಎನ್ನುವ ಕುಹಕ. ಹೀಗೆ ಅನ್ನುತ್ತಿದ್ದವಳು ನನ್ನ ಸೋದರತ್ತೆ, ಅಪ್ಪನ ಅಕ್ಕ. ಅತ್ತೆಯ ನಾಲಿಗೆಗೆ ಮೂಳೆಯೂ ಇರಲಿಲ್ಲ, ಮುಪ್ಪೂ ಬರಲಿಲ್ಲ. ಅಮ್ಮ ಒಂದು ದಿನವೂ ತಿರುಗಿ ಹೇಳಲಿಲ್ಲ. ಆದರೆ ಅಂದಿನಿಂದ ನರಸಿಂಹರಾಜಪುರದ ಕಡೆ, ನೆಂಟರ ಮದುವೆಗೂ, ಕಾಲಿಡಲಿಲ್ಲ.

ನಾನು ಇವಳ ಹೊಟ್ಟೆಯಲ್ಲಿ ಹೇಗೆ ಹುಟ್ಟಿದೆನೋ ದೇವರಿಗೇ ಗೊತ್ತು. ಕೊಪ್ಪದ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್. ಕುತ್ತಿಗೆಯಲ್ಲಿ ತಾಳಿಯ ಜೊತೆ ಶಿಳ್ಳೆ. ಚಿಕ್ಕಂದಿನಿಂದ ನೀರು ಕಂಡರೆ ಎಮ್ಮೆ ಇಳಿದ ಹಾಗೆ ಇಳಿಯುವವಳು. ಅಂಥವಳಿಗೆ ನಲವತ್ತು ದಾಟಿದ ಮೇಲೆ ಒಂದು ಹುಚ್ಚು ಹಿಡಿಯಿತು. ಲಕ್ಷದ್ವೀಪಕ್ಕೆ ಹೋಗಬೇಕು, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರದ ಒಳಗೆ ಇಳಿಯಬೇಕು. ಸ್ಟಾಫ್ ರೂಮಿನಲ್ಲಿ ಯಾರೋ ಬಿಟ್ಟುಹೋದ ಪತ್ರಿಕೆಯಲ್ಲಿ ಅಲ್ಲಿನ ರೆಸಾರ್ಟೊಂದರ ಫೋಟೋ ನೋಡಿದ್ದೇ ತಡ, ತಲೆಯಲ್ಲಿ ಹುಳ ಹೊಕ್ಕಿತು.

ಆಗೆಲ್ಲ ಈಗಿನ ಹಾಗೆ ಅಂಗೈಯಲ್ಲಿ ಇಂಟರ್ನೆಟ್ ಇರಲಿಲ್ಲ. ಶಾಲೆ ಬಿಟ್ಟ ಮೇಲೆ ಬಾಳಗಡಿಯ ಸೈಬರ್ ಸೆಂಟರಿಗೆ ಹೋಗಿ ಕೂರುತ್ತಿದ್ದೆ. ಆ ರೆಸಾರ್ಟಿನ ಚಿತ್ರ ಮೇಲಿನಿಂದ ಕೆಳಕ್ಕೆ ಇಷ್ಟಿಷ್ಟೇ ಇಳಿಯುತ್ತಿತ್ತು. ಮೊದಲು ಆಕಾಶ, ಆಮೇಲೆ ತೆಂಗಿನ ತಲೆ. ಇನ್ನೇನು ಸಮುದ್ರ ಬಂತು ಅನ್ನುವಾಗ ಕರೆಂಟು ಹೋಗುತ್ತಿತ್ತು! ಎಷ್ಟೋ ದಿನ ನಾನು ಆ ದ್ವೀಪದ ಆಕಾಶವನ್ನು ಮಾತ್ರ ನೋಡಿಕೊಂಡು ಮನೆಗೆ ಬಂದಿದ್ದೇನೆ. ಆದರೂ ಬಿಡಲಿಲ್ಲ. ದೋಣಿಯಿಂದ ಹಾರಿ ಇಳಿಯುವುದೊಂದು ಬಗೆ, ದಡದಿಂದಲೇ ನಡೆದುಕೊಂಡು ಹೋಗಿ ಇಳಿಯುವುದೊಂದು ಬಗೆ, ಕತ್ತಲಾದ ಮೇಲೆ ಟಾರ್ಚ್ ಹಿಡಿದು ಇಳಿಯುವುದೊಂದು ಬಗೆ ಎಂದೆಲ್ಲ ಓದಿ ತಿಳಿದುಕೊಂಡೆ. ನನಗೆ ದಡದ್ದೂ ಬೇಕು, ರಾತ್ರಿಯದ್ದೂ ಬೇಕು.

ಜಯಪುರದಲ್ಲಿ ಪಂಪ್‌ಸೆಟ್ ಅಂಗಡಿ ಇಟ್ಟಿರುವ ನಮ್ಮನೆಯವರು, "ನೀನು ಒಳಗೆ ಹೋಗು ಮಾರಾಯ್ತಿ, ನಾನು ದಡದಲ್ಲಿ ಎಳನೀರು ಕುಡೀತೀನಿ" ಎಂದು ಸುಲಭವಾಗಿ ಒಪ್ಪಿದರು. ಉಳಿದವಳು ಅಮ್ಮ. ಅಪ್ಪ ಹೋದ ಮೇಲೆ ಅವಳು ಕೊಪ್ಪದಲ್ಲಿ ನಮ್ಮ ಜೊತೆಗೇ ಇದ್ದಳು. ಶಾಲೆಯ ಆರುನೂರು ಮಕ್ಕಳು ನನ್ನ ಶಿಳ್ಳೆಗೆ ನಡುಗುತ್ತಿದ್ದರೇನೋ ಸರಿ, ಅಮ್ಮ ಬೇಡ ಅಂದರೆ ಹೊಸ್ತಿಲು ದಾಟುವ ಎದೆ ನನಗಿರಲಿಲ್ಲ. ಹೇಳುವುದಾದರೂ ಹೇಗೆ? ಆ ಮಾತನ್ನೇ ಆಡುವಂತಿಲ್ಲವಲ್ಲ! ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಅಂತ ಇಂಗ್ಲಿಷಿನಲ್ಲಿ ಹೇಳಿದೆ.

"ಅಮ್ಮ, ಲಕ್ಷದ್ವೀಪಕ್ಕೆ ಹೋಗಿ ಡೈವಿಂಗ್ ಕಲೀಬೇಕು ಅಂತಿದೀನಿ."

ಅಮ್ಮನ ಮುಖ ಅರಳಿತು. "ಕಲಿ ಮಗ. ಹೆಣ್ಣುಮಕ್ಕಳಿಗೆ ಅದೆಲ್ಲ ಗೊತ್ತಿರ್ಬೇಕು. ಎಷ್ಟು ದಿನ ಅಂತ ಗಂಡನ ಕಾಯ್ತೀಯ?"

ನನಗೆ ನಂಬಲಾಗಲಿಲ್ಲ. "ರಾತ್ರಿನೂ ಕಲಿಸ್ತಾರೆ" ಎಂದೆ.

"ಅದೂ ಒಳ್ಳೇದೇ. ಎದುರಿಂದ ಬರೋರ ಲೈಟು ಕಣ್ಣಿಗೆ ಹೊಡಿತದೆ ನೋಡು, ಹುಷಾರು."

ಟಾರ್ಚಿನ ವಿಷಯವೂ ಇವಳಿಗೆ ಗೊತ್ತಿದೆಯಲ್ಲ ಎಂದು ನಾನು ಬೆರಗಾದೆ. ಅಮ್ಮ ಅಕ್ಕಪಕ್ಕದ ಮನೆಗಳಿಗೆಲ್ಲ ಸುದ್ದಿ ಹಂಚಿದಳು. ಒಂದು ವಾರ ಮನೆಯಲ್ಲಿ ಹಬ್ಬದ ಕಳೆ. ಒಂದು ಬೆಳಿಗ್ಗೆ ದೋಸೆ ಹುಯ್ಯುತ್ತ, "ನಂಗೆ ಇಷ್ಟ ಆಗಿದ್ದು ಅಂದ್ರೆ, ಅಲ್ಲಿ ಸಮುದ್ರದ ದಡದಿಂದಲೇ ಶುರು ಮಾಡ್ಬಹುದು" ಎಂದು ನಾನು ಹೇಳಿದಾಗ ಅಮ್ಮ ತಟ್ಟೆಯಿಂದ ತಲೆಯೆತ್ತಿ ಕೇಳಿದಳು:

"ಅಲ್ಲ ಕಣೆ, ಮರಳಲ್ಲಿ ಚಕ್ರ ಹೂತ್ಕೊಳ್ಳಲ್ವ?"

ಕೈಯಲ್ಲಿದ್ದ ಸೌಟು ಕೈಯಲ್ಲೇ ಉಳಿಯಿತು. ಅಯ್ಯೋ ರಾಮ! ಇವಳು ಕೇಳಿಸಿಕೊಂಡಿದ್ದು ಡ್ರೈವಿಂಗ್! ವಾರದಿಂದ ನಾನು ಅವಳ ಕಣ್ಣಲ್ಲಿ ಕಡಲ ತೀರದ ಮರಳ ಮೇಲೆ ಹಗಲೂ ರಾತ್ರಿ ಕಾರು ಓಡಿಸುತ್ತಿದ್ದೆ. ಕಾವಲಿಯ ಮೇಲಿನ ದೋಸೆ ಕರಟಿತು. ಇನ್ನು ಮುಚ್ಚಿಡುವ ಹಾಗಿರಲಿಲ್ಲ.

"ಡ್ರೈವಿಂಗ್ ಅಲ್ಲಮ್ಮ. ಡೈವಿಂಗ್."

"ಹಂಗಂದ್ರೆ ಎಂತ?"

ಎಷ್ಟು ಹುಡುಕಿದರೂ ಬೇರೆ ಮಾತು ಸಿಗಲಿಲ್ಲ. ಹೇಳಿಯೇಬಿಟ್ಟೆ. "ಮುಳುಗೋದು."

ಅಮ್ಮ ತಟ್ಟೆ ಬಿಟ್ಟು ಎದ್ದಳು.

ಆಮೇಲಿನ ದಿನಗಳಲ್ಲಿ ಅವಳು ನನ್ನ ಜೊತೆ ಮಾತಾಡಿದ್ದು ಉಪ್ಪು, ಹುಳಿ, ಹಾಲಿನವನ ಬಗ್ಗೆ ಮಾತ್ರ. ನಾನೂ ಅವಳದೇ ರಕ್ತ, ಕೊನೆಗೊಂದು ದಿನ ಸಿಟ್ಟು ನೆತ್ತಿಗೇರಿತು. "ಒಂದು ಮಾತಿಗೆ ಇಡೀ ಜನ್ಮ ಹೆದರ್ತಾರೇನಮ್ಮ? ಅತ್ತೆ ಅಂದಿದ್ದಕ್ಕೆ ನಾನ್ಯಾಕೆ ದಡದಲ್ಲಿ ಕೂರ್ಬೇಕು?" ಎಂದು ಕೂಗಾಡಿದೆ. ಅವಳು ಅಳಲಿಲ್ಲ. "ನಿಂಗೆ ಗೊತ್ತಿಲ್ಲ ಮಗ. ಅಡಿಗೆ ಹೋದದ್ದು ಯಾವ್ದೂ ವಾಪಸ್ ಬರಲ್ಲ" ಎಂದಳು, ಅಷ್ಟೇ. ಅವಳ ಹೆದರಿಕೆ ಆ ಮಾತಿಗಲ್ಲ, ನಾನೆಲ್ಲಿ ವಾಪಸ್ ಬರುವುದಿಲ್ಲವೋ ಎನ್ನುವುದಕ್ಕೆ ಎಂದು ನನಗೆ ಆಗ ತಿಳಿಯಿತು. ಅವಳು ಮನಸಾರೆ ಹೋಗು ಅನ್ನದೆ ಹಡಗು ಹತ್ತುವುದಿಲ್ಲ ಎಂದು ಅವತ್ತೇ ತೀರ್ಮಾನಿಸಿದೆ. ಆದರೆ ತಯಾರಿಯನ್ನೂ ನಿಲ್ಲಿಸಲಿಲ್ಲ, ಅಷ್ಟು ಹಟ ನನಗೂ ಇತ್ತು.

ರೆಸಾರ್ಟಿನವರು, ಮುಖಕ್ಕೆ ಗಾಜಿನ ಕನ್ನಡಕ ಹಾಕಿ ಬಾಯಲ್ಲಿ ಕೊಳವೆ ಕಚ್ಚಿಕೊಂಡು ಉಸಿರಾಡುವುದನ್ನು ನಿಂತ ನೀರಿನಲ್ಲಿ ಮೊದಲೇ ಅಭ್ಯಾಸ ಮಾಡಿ ಬಂದರೆ ಒಳ್ಳೆಯದು ಎಂದು ಬರೆದಿದ್ದರು. ಎರಡನ್ನೂ ಮಂಗಳೂರಿನಿಂದ ತರಿಸಿದೆ. ಎಲ್ಲಿ ಇಳಿಯುವುದು? "ಶೃಂಗೇರಿಯಲ್ಲಿ ಇಳಿ, ಮೀನು ಬೇಕಾದಷ್ಟಿವೆ" ಎಂದು ನಮ್ಮನೆಯವರು ಚುಡಾಯಿಸಿದರು. ಮಠದ ಮೀನುಗಳಿಗೆ ಭಕ್ತರು ಮಂಡಕ್ಕಿ ಹಾಕುವ ಕಡೆ ಒಬ್ಬ ಪಿ.ಟಿ. ಟೀಚರ್ ಕೊಳವೆ ಕಚ್ಚಿಕೊಂಡು ಎದ್ದರೆ ನೋಡಿದವರು ಏನಂದಾರು! ಅದೂ ಅಲ್ಲದೆ ತುಂಗೆ ಹರಿಯುವ ನೀರು. ನಿಂತ ನೀರು ಅಂದರೆ ಭದ್ರೆಯ ಹಿನ್ನೀರೇ. ನರಸಿಂಹರಾಜಪುರದ ಆಚೆ ಹಳೆಯ ರಸ್ತೆಯೊಂದು ನೆಟ್ಟಗೆ ಹೋಗಿ ನೀರಿಗಿಳಿಯುತ್ತದೆ, ಅಲ್ಲಿಗೆ ಹೋಗುವುದು ಎಂದು ನಾವಿಬ್ಬರೂ ಪಿಸುಮಾತಿನಲ್ಲಿ ಮಾತಾಡಿಕೊಂಡೆವು.

ಭಾನುವಾರ ಬೆಳಿಗ್ಗೆ ಜೀಪು ಹತ್ತಲು ಹೊರಟರೆ ಅಮ್ಮ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು. ನಮ್ಮ ಪಿಸುಮಾತೆಲ್ಲ ಅವಳ ಕಿವಿಗೆ ಬಿದ್ದಿತ್ತು.

"ನಾನೂ ಬರ್ತೀನಿ. ಆ ರಸ್ತೆ ಪಕ್ಕ ನಮ್ಮ ಬಾವಿ ಇದೆ. ನೀನು ಕಾಣದೆ ಕಾಲಿಟ್ರೆ?"

ಬೇಸಿಗೆಯಾದ್ದರಿಂದ ನೀರು ಬಹಳ ಹಿಂದೆ ಸರಿದಿತ್ತು. ಎರಡು ಬದಿಯ ಮರದ ಬೊಡ್ಡೆಗಳ ನಡುವೆ ರಸ್ತೆ ಇಳಿದು, ಏನೂ ಆಗದವರ ಹಾಗೆ ನೀರಿನೊಳಗೆ ಹೋಗುತ್ತಿತ್ತು. ಅಮ್ಮ ಒಂದು ಬೊಡ್ಡೆಯ ಮೇಲೆ ನೀರಿಗೆ ಬೆನ್ನು ಹಾಕಿ ಕುಳಿತಳು. ನಾನು ಚೂಡಿದಾರದಲ್ಲೇ ಕನ್ನಡಕ ಬಿಗಿದು, ಕೊಳವೆ ಕಚ್ಚಿ ನಡೆದೆ. ಮೊಣಕಾಲು ಬಂತು, ಸೊಂಟ ಬಂತು.

"ಬಲಗಡೆ ಹೋಗ್ಬೇಡ್ವೇ!"

ತಿರುಗಿ ನೋಡಿದರೆ ಅಮ್ಮ ಎದ್ದು ನಿಂತಿದ್ದಾಳೆ, ಮುಖ ನೀರಿನ ಕಡೆಗೆ! "ಹಂಗೇ ಎಡಕ್ಕೆ ಬಾ. ಅಲ್ಲಿ ಮೆಟ್ಲಿದಾವೆ. ಕಾಲಿಗೆ ಸಿಕ್ತಾ?" ಕಾಲಿಗೆ ಮೆಟ್ಟಿಲು ಸಿಕ್ಕಿತು. ಮುಖ ನೀರಿಗಿಟ್ಟು ಬಲಕ್ಕೆ ತಿರುಗಿದೆ. ತಿಳಿಹಸಿರು ನೀರಿನಲ್ಲಿ ದುಂಡಗೆ ಜೋಡಿಸಿದ ಕಲ್ಲು ಕಂಡಿತು. ಬಾವಿಯ ಕಟ್ಟೆ. ಒಳಗೆ ಹೂಳು ತುಂಬಿ ಸಮತಟ್ಟಾಗಿತ್ತು, ಮಗು ಕೂಡ ಅದರಲ್ಲಿ ಬೀಳುವ ಹಾಗಿರಲಿಲ್ಲ. ತಲೆಯೆತ್ತಿ ಕೂಗಿ ಹೇಳಿದೆ.

"ಕಟ್ಟೆ ಇದೆಯಾ?" ಅಮ್ಮ ನೀರಿನ ಅಂಚಿಗೆ ಬಂದು ಕೂಗಿದಳು.

"ಇದೆ!"

"ಅದರ ಪಕ್ಕ ಎಂತ ಇದೆ?"

"ನೀನೇ ಬಂದು ನೋಡು!" ಎಂದೆ. ಹಾಗೆಂದಿದ್ದು ನನ್ನ ಬಾಯಿ, ಬುದ್ಧಿಯಲ್ಲ. ಆದರೆ ಅಮ್ಮ ಚಪ್ಪಲಿ ಬಿಟ್ಟು, ನೆರಿಗೆ ಎತ್ತಿ ಸಿಕ್ಕಿಸಿ, ತನ್ನೂರಿನ ರಸ್ತೆಯಲ್ಲಿ ನಡೆದು ಬಂದೇಬಿಟ್ಟಳು. ನಮ್ಮನೆಯವರು "ಅತ್ತೆ, ಅತ್ತೆ" ಎನ್ನುತ್ತ ಪ್ಯಾಂಟಿನ ಸಮೇತ ಹಿಂದೆ ಓಡಿ ಬಂದು ಅವಳ ತೋಳು ಹಿಡಿದರು. ನಾನು ಅವಳಿಗೆ ಕನ್ನಡಕ ಬಿಗಿದೆ, ಕೊಳವೆ ಕೊಟ್ಟೆ. "ಮೂಗಲ್ಲಿ ಅಲ್ಲಮ್ಮ, ಬಾಯಲ್ಲಿ ಉಸಿರಾಡು" ಎಂದು ಶಾಲೆಯ ಮಕ್ಕಳಿಗೆ ಹೇಳುವ ಹಾಗೆ ಗದರಿದೆ. ಅಮ್ಮ ಬಗ್ಗಿ ಮುಖವನ್ನು ನೀರಿಗಿಟ್ಟಳು.

ಎಷ್ಟು ಹೊತ್ತು ಹಾಗೇ ಇದ್ದಳೋ. ಕೊಳವೆಯ ತುದಿಯಲ್ಲಿ ಅವಳ ಉಸಿರು ಬುಸು ಬುಸು ಕೇಳುತ್ತಿತ್ತು. ಎದ್ದವಳು ಕೆಮ್ಮಿದಳು, ಸೀನಿದಳು, ಆಮೇಲೆ ಹಿನ್ನೀರೆಲ್ಲ ಕೇಳುವ ಹಾಗೆ ಕೂಗಿದಳು:

"ಬಟ್ಟೆ ಒಗಿಯೋ ಕಲ್ಲು ಅಲ್ಲೇ ಇದೆ ಕಣೆ! ನಮ್ಮ ಅವ್ವನ ಕಲ್ಲು! ಎಲ್ಲ ಹೋಯ್ತು, ಎಲ್ಲ ಹೋಯ್ತು ಅಂದ್ರಲ್ಲ, ಎಲ್ಲಿ ಹೋಗಿದೆ? ಇಲ್ಲೇ ಇದೆ!"

ನಗುತ್ತಿದ್ದಳೋ ಅಳುತ್ತಿದ್ದಳೋ, ಮುಖವೆಲ್ಲ ನೀರಾದ್ದರಿಂದ ಹೇಳಲಾರೆ. ನಾನಂತೂ ಅತ್ತುಬಿಟ್ಟೆ. ಮತ್ತೆ ಮುಖ ಇಟ್ಟಳು, ಮತ್ತೆ ಎದ್ದಳು. ಊಟದ ಹೊತ್ತು ಮೀರಿದರೂ ದಡಕ್ಕೆ ಬರಲೊಲ್ಲಳು! ಕೊನೆಗೆ ನಾನೇ ಕುತ್ತಿಗೆಯ ಶಿಳ್ಳೆ ಊದಬೇಕಾಯಿತು.

ವಾಪಸ್ ಬರುವಾಗ ಜೀಪಿನಲ್ಲಿ ಅವಳ ಪ್ರಶ್ನೆಗಳು ನಿಲ್ಲಲಿಲ್ಲ. "ಸಮುದ್ರದ ನೀರು ಇದಕ್ಕಿಂತ ತಿಳೀನಾ? ರಾತ್ರಿ ಇಳಿಯೋದು ಅಂದ್ಯಲ್ಲ, ಅದು ನಾವು ಮಳೆ ಹಿಡಿದಾಗ ಒಣಬಿದಿರಿನ ಸೂಡಿ ಹಚ್ಕೊಂಡು ಗದ್ದೆಗೆ ಏಡಿ ಹಿಡಿಯೋಕೆ ಹೋಗ್ತಿದ್ವಲ್ಲ, ಹಂಗೇ ಅಲ್ವ? ಬೆಳಕು ಬಿಟ್ರೆ ಕಣ್ಣು ಹೊಳೀತಾವೆ." ಕಂಪ್ಯೂಟರಿನಲ್ಲಿ ಓದಿ ನನಗೆ ಅರ್ಥವಾಗದ್ದು ಆಗ ಅರ್ಥವಾಯಿತು. ಮರುದಿನವೇ ಸೈಬರ್ ಸೆಂಟರಿಗೆ ಅವಳನ್ನೂ ಕರೆದುಕೊಂಡು ಹೋಗಿ, ಅಮ್ಮನೂ ಇಳಿಯಬಹುದೇ ಎಂದು ಬರೆದು ಕೇಳಿದೆ. ವಯಸ್ಸಾದವರು ಡಾಕ್ಟರು ಒಪ್ಪಿದರೆ ಸೊಂಟಮಟ್ಟದ ನೀರಿನಲ್ಲಿ ಕಲಿಸುವವರ ಕೈ ಹಿಡಿದು ಇಳಿಯಬಹುದು ಎಂದು ರೆಸಾರ್ಟಿನಿಂದ ಉತ್ತರ ಬಂತು. ಕೊಪ್ಪದ ಡಾಕ್ಟರು ಅಮ್ಮನ ಎದೆಗೆ ಕೊಳವೆ ಇಟ್ಟು, "ನಿಮ್ಮ ಮಗಳಿಗಿಂತ ಗಟ್ಟಿ ಇದೀರಿ" ಎಂದರು. ನನಗೇನೂ ಬೇಜಾರಾಗಲಿಲ್ಲ.

ಹೊರಡುವ ಮುನ್ನಾದಿನ ಹಿರಿಯರಿಗೆ ಹೇಳಿ ಬರುವುದು ನಮ್ಮ ಕಡೆಯ ಪದ್ಧತಿ. ಅಮ್ಮ ತಾನಾಗಿಯೇ, "ಜಯಪುರಕ್ಕೆ ಹೋಗಿ ಅತ್ತಿಗೆಗೆ ಹೇಳಿ ಬರಾಣ" ಎಂದಳು. ಅತ್ತೆ ಜಗಲಿಯಲ್ಲಿ ಎಲೆ ಅಡಿಕೆ ಹಾಕಿಕೊಂಡು ಕುಳಿತಿದ್ದಳು, ಸುತ್ತ ನೆರೆಮನೆಯ ಹೆಂಗಸರು. ನಮ್ಮನ್ನು ನೋಡಿ, "ಎಂತ, ಅಮ್ಮ ಮಗಳು ಜೊತೆಗೆ? ಎಲ್ಲಿಗೆ ಸವಾರಿ? ಕಾರು ಕಲಿಯೋಕಂತೆ?" ಎಂದಳು.

ಅಮ್ಮ ಸೆರಗು ಸರಿಮಾಡಿಕೊಂಡು, ಜಗಲಿಯಲ್ಲಿದ್ದವರಿಗೆಲ್ಲ ಕೇಳುವ ಹಾಗೆ ಹೇಳಿದಳು:

"ಕಾರಲ್ಲ ಅತ್ತಿಗೆ, ಮುಳುಗೋಕೆ. ಹಗಲೂ ಮುಳುಗ್ತೀವಿ, ರಾತ್ರಿನೂ ಮುಳುಗ್ತೀವಿ. ನೀವೇನೂ ಹೆದರ್ಬೇಡಿ. ನಾವು ಮುಳುಗಡೆಯೋರಲ್ವ, ನಮಗೆ ಅಭ್ಯಾಸ ಇದೆ."

ಅತ್ತೆಯ ಬಾಯಲ್ಲಿದ್ದ ಎಲೆ ಅಡಿಕೆ ಅಲ್ಲೇ ನಿಂತಿತು. ಅಮ್ಮ ಬಗ್ಗಿ ಅವಳ ಕಾಲಿಗೆ ನಮಸ್ಕಾರ ಮಾಡಿ, ಜೀಪಿನ ಮುಂದಿನ ಸೀಟಿನಲ್ಲಿ ಹೋಗಿ ಕುಳಿತಳು.