ಅಪ್ಪ ಊದಿದ ಸೀಟಿ

ಇವತ್ತು ಮೊಮ್ಮಗನ ಗಾಯಕ್ಕೆ ಟಿಂಚರ್ ಹಚ್ಚುವಾಗ ಆ ವಾಸನೆಗೆ ಸಿಂದಗಿಯ ನಮ್ಮ ಸಾಲಿ ಮೈದಾನ ನೆನಪಾಯಿತು.

ಪಕ್ಕದ ಇಂಡಿ ಊರಿನ ಹುಡುಗರ ಜೊತೆ ಫುಟ್‌ಬಾಲ್ ಪಂದ್ಯ. ಡ್ರಿಲ್ ಮಾಸ್ತರನಾಗಿದ್ದ ನಮ್ಮಪ್ಪನೇ ರೆಫ್ರಿ. ತಲೆಯೆತ್ತರಕ್ಕೆ ಬಂದ ಚೆಂಡಿಗೆ ನಾನು ಕಾಲೆತ್ತಿದೆ. ಎದುರಿನ ಹುಡುಗ ಅಂಜಿ ಹಿಂದೆ ಸರಿದ. ಅಪ್ಪ ಸೀಟಿ ಊದಿ ಅವರಿಗೆ ಫ್ರೀ ಕಿಕ್ ಕೊಟ್ಟ.

"ಕಾಲು ಬಡದಿಲ್ಲಪಾ!" ಅಂದೆ.

"ಬಡೀಬೇಕಂತೇನಿಲ್ಲ. ಅಂವ ಅಂಜಿದ್ನಲ್ಲ, ಅಷ್ಟ ಸಾಕು."

ಸಿಟ್ಟಿನಲ್ಲಿ ಮತ್ತೆ ಹಾಗೇ ಕಾಲೆತ್ತಿದೆ. ಈ ಸಲ ಅವನ ಹುಬ್ಬು ಸೀಳಿತು. ಅಪ್ಪ ಆ ಗಾಯಕ್ಕೆ ಟಿಂಚರ್ ಹಚ್ಚಿ, ನನ್ನನ್ನು ಆಟದಿಂದ ಹೊರಗೆ ಹಾಕಿದ. ನನಗೆ ಅಳುವೂ ಬರಲಿಲ್ಲ, ನಾಚಿಕೆಯೂ ಆಗಲಿಲ್ಲ.

ಮನೆಯಲ್ಲಿ ಅಪ್ಪ ಎಂದಿನಂತೆ ರೊಟ್ಟಿ ಮುರಿಯುತ್ತ, "ನಾಳೆ ಇಂಡಿಗೆ ಹೋಗಿ ಅವನ್ನ ನೋಡ್ಕೊಂಡ ಬಾ" ಅಂದ.

"ಹೂಂ" ಅಂದೆ. ಹೋಗಲಿಲ್ಲ. ಅಪ್ಪ ಮತ್ತೆ ಕೇಳಲೂ ಇಲ್ಲ.

ಈಗ ಇಂಡಿ ಬಸ್ಸು ನಮ್ಮ ಮನೆ ಮುಂದೆಯೇ ನಿಲ್ಲುತ್ತದೆ. ಹತ್ತಿ ಹೋದರೂ ಯಾರನ್ನು ಕೇಳಲಿ? ಅವನ ಹೆಸರೇ ನನಗೆ ಗೊತ್ತಿಲ್ಲ.