ಕಾರಿಗೆ ಹೊದಿಸಿದ ಕೌದಿ

ಮೊದಲೇ ಹೇಳಿಬಿಡುತ್ತೇನೆ, ಈ ಕಥೆಯ ಕೆಲವು ವಿವರಗಳು ತಪ್ಪಿರಬಹುದು. ನಾವು ನಿಫಾಡ ದಾಟಿದ್ದೆವೋ, ಯೇವಲಾ ದಾಟಿದ್ದೆವೋ, ಖಾತ್ರಿಯಿಲ್ಲ. ಡಿಕ್ಕಿಯಲ್ಲಿ ದ್ರಾಕ್ಷಿ ಪೆಟ್ಟಿಗೆ ಇದ್ದದ್ದರಿಂದ ಮಾರ್ಚ್ ಇರಬೇಕು. ಆಲಿಕಲ್ಲು ಲಿಂಬೆಹಣ್ಣಿನಷ್ಟಿತ್ತು ಎಂದು ನಾನು ಹೇಳುತ್ತೇನೆ. ನಮ್ಮವರು ಗೋಲಿಯಷ್ಟು ಎನ್ನುತ್ತಾರೆ. (ನನ್ನ ಕಲ್ಲು ವರ್ಷದಿಂದ ವರ್ಷಕ್ಕೆ ದೊಡ್ಡದಾಗುತ್ತಿದೆ ಎಂಬುದು ಅವರ ಆರೋಪ.)

ಆದರೆ ಒಂದು ಮಾತಿನಲ್ಲಿ ನನಗೆ ಅನುಮಾನವೇ ಇರಲಿಲ್ಲ. ಅವತ್ತು ಕೌದಿಯನ್ನು ಅವ್ವ ತಾನಾಗಿಯೇ ಕೊಟ್ಟಳು.

ಕಳೆದ ಭಾನುವಾರದವರೆಗೆ ಇರಲಿಲ್ಲ, ಅನ್ನಬೇಕು.

ಕಥೆ ಇಷ್ಟೇ. ನಮ್ಮ ಕಾರು ಆಗ ಹೊಸದು. ಸೀಟಿನ ಪ್ಲಾಸ್ಟಿಕ್ ಕೂಡ ತೆಗೆದಿರಲಿಲ್ಲ. ದೇವಳಾಲಿ ಕ್ಯಾಂಪಿನಲ್ಲಿರುವ ಅಕ್ಕನ ಮನೆಯಿಂದ ಅವ್ವನನ್ನೂ ಅಕ್ಕನ ಮಗಳು ಪಲ್ಲವಿಯನ್ನೂ ಕೂರಿಸಿಕೊಂಡು ಔರಂಗಾಬಾದಿನ ನಮ್ಮ ಮನೆಗೆ ಹೊರಟಿದ್ದೆವು. ಅವ್ವ ಎಲ್ಲಿಗೆ ಹೋದರೂ ಅವಳ ಕೌದಿ ಜೊತೆಗಿರಬೇಕು. ಅಪ್ಪನ ಹಳೆಯ ಧೋತರಗಳನ್ನು ಪದರು ಪದರಾಗಿ ಜೋಡಿಸಿ, ಮೇಲೆ ತನ್ನ ಇಲಕಲ್ ಸೀರೆಯ ತುಂಡುಗಳನ್ನು ಇಟ್ಟು, ಕೈಯಲ್ಲೇ ಹೊಲಿದ ಕೌದಿ. ಅಪ್ಪ ಹೋದ ಮೇಲೆ ಅವಳು ಬೇರೇನನ್ನೂ ಹೊದ್ದಿಲ್ಲ.

ಮಧ್ಯಾಹ್ನವೇ ಕತ್ತಲಾಯಿತು. ಗಾಳಿ ತಣ್ಣಗಾಯಿತು. ಮೊದಲ ಕಲ್ಲು ಬಾನೆಟ್ ಮೇಲೆ ಬಿತ್ತು. ಟಣ್! ನಮ್ಮವರ ಮುಖ ನೋಡಬೇಕಿತ್ತು, ಕಲ್ಲು ಅವರ ಬೆನ್ನಿಗೇ ಬಿದ್ದ ಹಾಗೆ. ರಸ್ತೆ ಬದಿಗೆ ನಿಂತಿದ್ದ ಈರುಳ್ಳಿ ಲಾರಿಯೊಂದರ ಹಿಂದೆ ಗಾಡಿ ನಿಲ್ಲಿಸಿದರು.

"ಲಗೂ ಏನರೆ ಕೊಡು! ಮ್ಯಾಲೆ ಹಾಸಬೇಕು. ಪೇಂಟ್ ಹೋಗತದ!"

ಆಗ ಹಿಂದಿನ ಸೀಟಿನಲ್ಲಿದ್ದ ಅವ್ವ ಕೌದಿಯನ್ನು ಮುಂದೆ ಚಾಚಿ ಅಂದಳಂತೆ: "ತಗೋರಿ, ಪಾಪ, ಗಾಡಿಗೆ ಥಂಡಿ ಹತ್ತೀತು."

ಇಲ್ಲಿಗೆ ಬಂದಾಗ ಎಲ್ಲರೂ ನಗುತ್ತಾರೆ. ನಮ್ಮ ಕುಟುಂಬದ ಹಿಟ್ ಡೈಲಾಗ್ ಇದು.

ಮುಂದಿನದೂ ಕಾಮಿಡಿಯೇ. ನಮ್ಮವರು ಬುತ್ತಿಯ ಸ್ಟೀಲ್ ತಾಟನ್ನು ತಲೆಯ ಮೇಲೆ ಹಿಡಿದು ಇಳಿದರು. ಟಣಟಣ ಸದ್ದಿನ ನಡುವೆ ಕಾರಿನ ನೆತ್ತಿಗೆ ಕೌದಿ ಹೊದಿಸಿ, ಅದರ ಅಂಚುಗಳನ್ನು ಬಾಗಿಲುಗಳಲ್ಲಿ ಸಿಕ್ಕಿಸಿದರು. ಆ ಅಂಚುಗಳಿಂದಲೇ ನೀರು ಒಳಗೆ ತೊಟ್ಟಿಕ್ಕಿ ನಾವೆಲ್ಲ ತೊಯ್ದೆವು. ಕಾರು ಮಾತ್ರ ಬೆಚ್ಚಗೆ!

ಕಲ್ಲು ನಿಂತ ಮೇಲೆ ಇಳಿದು ನೋಡಿದರೆ ರಸ್ತೆ, ಹೊಲ, ಕಾರು ಎಲ್ಲ ಬೆಳ್ಳಗೆ. ಕಾಶ್ಮೀರ ಕಾಣದ ನಮಗೆ ಅದೇ ಕಾಶ್ಮೀರ. ಮುಂದಿನ ಲಾರಿಯ ಡ್ರೈವರ್ ತಾಡಪಾಲಿನ ಮೇಲೆ ಹತ್ತಿ, ರಾಶಿ ರಾಶಿ ಮಂಜುಗಡ್ಡೆಯನ್ನು ಕಾಲಿನಿಂದ ಕೆಳಗೆ ದಬ್ಬುತ್ತಿದ್ದ. ನಮ್ಮ ಕಡೆ ನೋಡಿ ಜೋರಾಗಿ ನಕ್ಕ. ನಮ್ಮವರು ಅದೇ ತಾಟಿನಿಂದ ಕಾರಿನ ಮೇಲಿನದನ್ನು ಗೋರತೊಡಗಿದರು. ಮೇಲಿನದು ಬಂತು, ತಳದ್ದು ತೊಯ್ದ ಬಟ್ಟೆಗೆ ಕಚ್ಚಿಕೊಂಡಿತ್ತು. ನನ್ನ ಬೆರಳುಗಳು ಮರಗಟ್ಟಿದವು. ಕೊನೆಗೆ ಆ ಕಡೆಯ ಎರಡು ಮೂಲೆ ಅವರು, ಈ ಕಡೆಯ ಎರಡು ಮೂಲೆ ನಾನು ಹಿಡಿದು ಎತ್ತಿದೆವು.

ಪರ್ರ್! ನಟ್ಟನಡುವೆ ಹರಿಯಿತು. ಅಪ್ಪನ ಧೋತರ ಎಷ್ಟೆಂದು ತಡೆದೀತು?

ಕಾರಿಗೆ ಒಂದು ಗೀರೂ ಬಿದ್ದಿರಲಿಲ್ಲ. "ಅತ್ತೀಯವರ ಕೌದಿ ಇನ್ಶೂರೆನ್ಸ್‌ಕಿಂತ ಪಕ್ಕಾ" ಎಂದು ನಮ್ಮವರು ಮುಗಿಸುತ್ತಾರೆ. ಮತ್ತೊಂದು ನಗೆ.

ಕಳೆದ ಭಾನುವಾರ, ವರ್ಗವಾಗಿ ಹೊಸದಾಗಿ ಈ ಊರಿಗೆ ಬಂದ ಕನ್ನಡದ ದಂಪತಿ ಊಟಕ್ಕೆ ಬಂದಿದ್ದರು. ಅವ್ವ ಬಡಿಸುತ್ತಿದ್ದಳು. ಅವಳೊಂದಿಗೆ ರಜೆಗೆ ಬಂದಿದ್ದ ಪಲ್ಲವಿ (ಆಗ ಒಂದನೇ ಕ್ಲಾಸು, ಈಗ ಹೈಸ್ಕೂಲು) ನಮ್ಮೊಡನೆಯೇ ಉಣ್ಣುತ್ತಿದ್ದಳು. ನಾನು ಕೈಬೀಸಿ ಕಥೆ ಹೇಳಿದೆ. ಡೈಲಾಗ್ ಬಂತು. ಅತಿಥಿಗಳು ನಕ್ಕರು.

ಪಲ್ಲವಿ ತಟ್ಟೆಯಿಂದ ಮುಖ ಎತ್ತಲಿಲ್ಲ. "ಮೌಶಿ, ಅಜ್ಜಿ ಕೊಟ್ಟಿಲ್ಲ. ತೂಚ್ ಓಢಲೀಸ್" ಅಂತ ಮರಾಠಿ ಬೆರೆಸಿ ಅಂದಳು.

ಚಿಕ್ಕಮ್ಮಾ, ನೀನೇ ಎಳೆದುಕೊಂಡೆ, ಅಂತ.

"ಏ, ನೀ ಆಗ ಇಷ್ಟಿದ್ದಿ. ನಿನಗೇನ್ ನೆನಪು? ಗಾಡಿಗೆ ಥಂಡಿ ಹತ್ತೀತು ಅಂತ ಅಜ್ಜೀನ ಅಂದಳಲ್ಲ?"

"ತೇ ತರ್ ಟ್ರಕ್‌ವಾಲಾ ಬೋಲಲಾ! ‘ಗಾಡೀ ಕೋ ಥಂಡ್ ಲಗೀ ಕ್ಯಾ ಸಾಬ್’ ಅಂತ. ಕೌದಿ ನಮ್ಮ ಮ್ಯಾಲೆ ಇತ್ತು, ಅಜ್ಜಿ ಮ್ಯಾಲೆ, ನನ್ನ ಮ್ಯಾಲೆ. ನೀ ತಗೊಂಡಿ. ಮಗ ಅಜ್ಜೀನೆ ಮಲಾ ಪದರಾತ್ ಘೇತಲಂ."

ಆ ಮಾತನ್ನು ಲಾರಿಯವನು ಅಂದನಂತೆ. ಕೌದಿ ಹೋದ ಮೇಲೆ ಅಜ್ಜಿ ಅವಳನ್ನು ಸೆರಗಿನೊಳಗೆ ತೆಗೆದುಕೊಂಡಳಂತೆ.

"ಅಜ್ಜಿ ಏನಂದಳು ಮತ್ತ?"

"ಕಾಹೀಚ್ ನಾಹೀ." ಏನೂ ಇಲ್ಲ.

ಅತಿಥಿಗಳು ಪಾಯಸದ ಬಟ್ಟಲೊಳಗೆ ಇಣುಕತೊಡಗಿದರು. "ಹುಡುಗೂರಿಗೆ ಏನ್ ತಿಳೀತದ" ಎಂದ ನಮ್ಮವರು ಸಾರು ಕೇಳಿದರು. ಅವ್ವ? "ಇನ್ನಷ್ಟು ಅನ್ನ ಹಾಕಲ್ರಿ?" ಎಂದು ಅತಿಥಿಗಳನ್ನು ವಿಚಾರಿಸಿದಳು.

ನಾನು ಎಂ.ಎ.ಯಲ್ಲಿ ಇತಿಹಾಸ ಓದಿದವಳು. ಯಾವ ಕಥೆ ಕೇಳಿದರೂ ಅದರಿಂದ ಯಾರಿಗೆ ಅನುಕೂಲ ಎಂದು ಮೊದಲು ನೋಡಬೇಕು, ಇದು ನಾನು ಕಲಿತ ಪಾಠ. ಈ ಕಥೆಯಿಂದ ಯಾರಿಗೆ ಅನುಕೂಲ? ನನಗೇ. ದಾರಿಹೋಕನ ಜೋಕೊಂದನ್ನು ತಂದು, ಸುಮ್ಮನಿದ್ದವಳ ಬಾಯಿಗೆ ಹಾಕಿಬಿಟ್ಟೆನೇ? ಇಷ್ಟು ವರ್ಷ ಅದೇ ಮಾತಿಗೆ ಅವಳ ಎದುರೇ ನಗುತ್ತ ಬಂದೆನೇ? ಅವಳೂ ನಮ್ಮೊಂದಿಗೆ ನಗುತ್ತಿದ್ದಳು. ಅಥವಾ ಅದೂ ನನ್ನ ನೆನಪು ಮಾತ್ರವೇ?

ನಿಮ್ಮ ಮನೆಯಲ್ಲೂ ನೋಡಿ. ಕಿಟಕಿ ಪಕ್ಕದ ಸೀಟು ಅವ್ವನಿಗೆ ಬೇಡವಂತೆ, ಗಾಳಿ ಬಡಿಯುತ್ತದಂತೆ. ಬಿಸಿ ರೊಟ್ಟಿಗಿಂತ ಆರಿದ್ದೇ ಅವಳಿಗೆ ಸೇರುತ್ತದಂತೆ. ನಡುಮನೆಯಲ್ಲಿ ಮಲಗಿದರೇನೇ ಅವಳಿಗೆ ನಿದ್ದೆಯಂತೆ. ಇದನ್ನೆಲ್ಲ ಅವಳ ಬಾಯಿಂದ ಕೇಳಿದವರು ಯಾರು? ನಮಗೆ ಬೇಕಾದದ್ದನ್ನು ತೆಗೆದುಕೊಂಡ ಮೇಲೆ "ಅವಳೇ ಕೊಟ್ಟಳು" ಅನ್ನುವುದು ಎಷ್ಟು ಸಲೀಸು!

ಪಲ್ಲವಿಯ ನೆನಪೂ ತಪ್ಪಿರಬಹುದು, ಮಗು ತಾನೇ. ಆದರೆ ಮೈಗೆ ತಗುಲಿದ ಚಳಿಯನ್ನು ಮಗು ಯಾಕೆ ಹುಟ್ಟಿಸಿಕೊಂಡು ಹೇಳೀತು?

ಸಂಜೆ ಅಡುಗೆಮನೆಯಲ್ಲಿ ಅವ್ವ ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದಳು. ಹೋಗಿ ಎದುರು ಕೂತೆ.

"ಅವ್ವಾ, ಕೌದಿ ನೀ ಕೊಟ್ಟಿದ್ದೋ, ನಾ ಕಸಗೊಂಡಿದ್ದೋ?"

"ಹಾಲ್ ನೋಡು, ಉಕ್ಕತಾವ."

ಹಾಲು ಇನ್ನೂ ಬೆಚ್ಚಗೂ ಆಗಿರಲಿಲ್ಲ. ಎದ್ದು ಗ್ಯಾಸ್ ಆರಿಸಿದೆ. ನಡುಮನೆಯಲ್ಲಿ ಅವಳ ಹಾಸಿಗೆಯ ಮೇಲೆ ಅದೇ ಕೌದಿ ಮಡಚಿಟ್ಟಿತ್ತು. ಹರಿದ ಜಾಗದಲ್ಲಿ ಪಲ್ಲವಿಯ ಹಳೆಯ ಫ್ರಾಕಿನ ತುಂಡು, ಹೂವಿನ ಪ್ರಿಂಟು. ಈ ತೇಪೆಯನ್ನು ಅವಳು ಯಾವಾಗ ಹಾಕಿದಳು? ನನಗೆ ಅದೂ ಗೊತ್ತಿಲ್ಲ.

ವಾಪಸು ಬಂದು ಕೂತು ಇನ್ನೊಂದು ಪ್ರಶ್ನೆ ಕೇಳಿದೆ. ಅವ್ವ ಸೊಪ್ಪು ಬಿಡಿಸುತ್ತಲೇ ಇದ್ದಳು. ಮೊನ್ನೆ ಮೊಮ್ಮಗಳ ಜೊತೆ ದೇವಳಾಲಿಗೆ ಹೋದಳು, ಕೌದಿಯನ್ನೂ ತೆಗೆದುಕೊಂಡು. ನಾನು ಕೇಳಿದ್ದು ಇಷ್ಟೇ:

"ಅವತ್ತು ನಿನಗ ಥಂಡಿ ಹತ್ತಿತ್ತೇನ, ಅವ್ವಾ?"